ಎಂಟು ಬಾಟಲಿ, ಎಂಟು ಕೈ

ಬೆಳಿಗ್ಗೆ ಎದ್ದು ಮುಖಕ್ಕೆ ನೀರು ಹಾಕಿಕೊಂಡ ಮೇಲೆ ಅಕ್ಕ ಮಾಡುವ ಮೊದಲ ಕೆಲಸ, ಹಿಂದಿನ ದಿನ ಊಟವಾದ ಮೇಲೆ ಯಜಮಾನರು ತೊಳೆದಿಟ್ಟ ಪಾತ್ರೆಗಳನ್ನೆಲ್ಲ ಇನ್ನೊಮ್ಮೆ ತೊಳೆಯುವುದು. ಜ್ವರ ಬಂದಿರಲಿ, ಮನೆ ತುಂಬ ನೆಂಟರಿರಲಿ, ಇದೊಂದು ತಪ್ಪಿದ್ದಿಲ್ಲ. ಯಜಮಾನರು ಕೊಳೆ ಬಿಡುತ್ತಾರೆಂದೇನೂ ಅಲ್ಲ. ಇಪ್ಪತ್ತಾರು ವರ್ಷದಿಂದ ಸಿಟಿ ಬಸ್ಸು ಓಡಿಸುತ್ತಿರುವ ಅವರು ಲೋಟ ತೊಳೆಯುವಾಗಲೂ ಎಡಕ್ಕೆ ಬಲಕ್ಕೆ ನೋಡಿಕೊಂಡೇ ತೊಳೆಯುವಷ್ಟು ಜಾಗರೂಕರು. ಆದರೆ ಇನ್ನೊಬ್ಬರು ಮಾಡಿದ ಕೆಲಸ ತನ್ನ ಕೈಯಲ್ಲಿ ಒಮ್ಮೆ ಹಾದು ಬರದಿದ್ದರೆ ಅದು ಮುಗಿದ ಹಾಗೆ ಅಕ್ಕನಿಗೆ ಅನಿಸುವುದೇ ಇಲ್ಲ. ಮಗಳು ಮಡಚಿಟ್ಟ ಬಟ್ಟೆಯನ್ನು ಬಿಚ್ಚಿ ಮಡಚುತ್ತಾಳೆ. ಅತ್ತೆ ಗುಡಿಸಿದ ನೆಲವನ್ನು, ಅತ್ತೆ ಒಳಗೆ ಹೋಗುವ ತನಕ ಕಾದಿದ್ದು (ಹಿರಿಯರ ಮನಸ್ಸು ನೋಯಬಾರದಲ್ಲ!) ಆಮೇಲೆ ಗುಡಿಸುತ್ತಾಳೆ.

ಮುಂದಿನ ಕೋಣೆಯಲ್ಲಿ ವಾರಕ್ಕೆ ನಾಲ್ಕು ಮಧ್ಯಾಹ್ನ ಅಕ್ಕನ ಹೊಲಿಗೆ ಕ್ಲಾಸು. ಎಂಟು ಜನ ಹೆಂಗಸರು ಬರುತ್ತಾರೆ. ಯಾರು ಏನೇ ಹೊಲಿದು ತೋರಿಸಲಿ, ಅಕ್ಕ ಕನ್ನಡಕ ಸರಿ ಮಾಡಿಕೊಂಡು ಹೇಳುವುದು ಒಂದೇ ಮಾತು: "ಚೆನ್ನಾಗಿದೆ. ಬಿಚ್ಚು, ಇನ್ನೊಂದ್ಸಲ ಹೊಲಿ." ಹೀಗಾಗಿ ಬೀದಿಯಲ್ಲಿ ಅವಳಿಗೆ 'ಇನ್ನೊಂದ್ಸಲದಕ್ಕ' ಎಂದೇ ಹೆಸರು. ಅದು ಅವಳ ಕಿವಿಗೂ ಬಿದ್ದಿದೆ. ಬೈಗುಳವೆಂದು ಅವಳು ತಿಳಿದುಕೊಂಡಿಲ್ಲ.

ಇಷ್ಟಾಗಿಯೂ ದಿನಕ್ಕೆ ಮೂರು ಬಾರಿಯಾದರೂ ಸೊಂಟಕ್ಕೆ ಕೈಯಿಟ್ಟು, ಯಾರಿಗೂ ಅಲ್ಲ ಎಂಬಂತೆ ಗೋಡೆಗೆ ಹೇಳಿಕೊಳ್ಳುವಳು: "ಈ ಮನೇಲಿ ನಂಗೆ ಅಂತ ಒಂದು ಕೈ ಆಸರೆ ಇಲ್ಲ."

ಗೋಡೆ ಸುಮ್ಮನಿರುತ್ತದೆ. ಯಜಮಾನರು, ಅತ್ತೆ, ಔಷಧಿ ಅಂಗಡಿಯಲ್ಲಿ ಕೆಲಸಕ್ಕಿರುವ ಮಗಳು, ಮೂವರೂ ಸುಮ್ಮನಿರುತ್ತಾರೆ. ಸಹಾಯ ಮಾಡಿದರೆ ಆ ಕೆಲಸ ಎರಡಾಗುತ್ತದೆ, ಮಾಡದಿದ್ದರೆ ಮಾತು ಎರಡಾಗುತ್ತದೆ ಎಂಬುದು ಅವರ ಅನುಭವ.

ಹೊಲಿಗೆಯ ಹೆಂಗಸರಿಗೆ ಹೋದ ವರ್ಷದಿಂದ ಅಣಬೆಯ ಹುಚ್ಚು ಹಿಡಿದಿತ್ತು. ಒಣಹುಲ್ಲನ್ನು ಬೇಯಿಸಿ, ಚೀಲಕ್ಕೆ ತುಂಬಿ, ನಡುನಡುವೆ ಅಣಬೆ ಬೀಜ ಹಾಕಿ, ಮನೆಯ ಕತ್ತಲ ಮೂಲೆಯಲ್ಲಿ ತೂಗುಹಾಕಿದರೆ ತಿಂಗಳೊಳಗೆ ಚೀಲದ ತೂತುಗಳಿಂದ ಅಣಬೆ ಕಿವಿಯಾಡಿಸಿಕೊಂಡು ಹೊರಬರುತ್ತದೆ. ಆದರೆ ಈ ವರ್ಷ ಬೀಜ ಕೊಡುವ ಕೇಂದ್ರದ ಬಾಗಿಲಲ್ಲಿ 'ದಾಸ್ತಾನು ಇಲ್ಲ' ಎಂಬ ಹಲಗೆ. ಎಂಟು ಮುಖಗಳೂ ಬಾಡಿದವು. ಆ ಹೊತ್ತಿನಲ್ಲೇ ಅಕ್ಕನಿಗೆ ಆ ದಿವ್ಯ ಜ್ಞಾನೋದಯವಾದದ್ದು.

"ಅಷ್ಟಕ್ಕೆಲ್ಲ ಯಾಕ್ರೇ ಮುಖ ಚಿಕ್ಕದು ಮಾಡ್ತೀರಾ? ಬೀಜ ನಾನೇ ಮಾಡ್ತೀನಿ. ಒಬ್ಬೊಬ್ಬರಿಗೆ ಒಂದೊಂದು ಬಾಟಲಿ. ಮುಂದಿನ ತಿಂಗಳು ಮೂರನೇ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬಂದು ತಗೊಂಡು ಹೋಗಿ. ಶನಿವಾರವೇ ಹುಲ್ಲು ಬೇಯಿಸಿ ಇಟ್ಕೊಂಡಿರಿ."

"ನಿಜವಾಗ್ಲೂ ಅಕ್ಕ? ಬೇಯಿಸಿದ ಹುಲ್ಲು ಕಾಯಲ್ಲ, ಕೊಳೆತು ಹೋಗುತ್ತೆ," ಎಂದಳು ಗುಂಡಿ ಅಂಗಡಿಯಾಕೆ. ಎಂಟು ಜನರಲ್ಲಿ ಅನುಮಾನ ಪಡುವ ಕೆಲಸ ಅವಳದ್ದು.

"ನಾನು ಮಾತು ಕೊಟ್ಟು ತಪ್ಪಿದ್ದು ನೋಡಿದ್ದೀಯಾ?"

ನೋಡಿರಲಿಲ್ಲ. ಅದೇ ಈಗ ಅಕ್ಕನ ಕೊರಳಿಗೆ ಬಿತ್ತು.

ಬೀಜ ಮಾಡಲು ಮೊದಲು ತಾಯಿ ಬೀಜ ಬೇಕು. ಅಂದರೆ ಬಿಳಿ ನೂಲು ಹಬ್ಬಿದ ಧಾನ್ಯದ ಒಂದು ಬಾಟಲಿ. ಅದರಿಂದ ಎರಡೆರಡು ಚಮಚ ತೆಗೆದು ಬೇರೆ ಬಾಟಲಿಗಳಿಗೆ ಹಾಕಿದರೆ ಅವಕ್ಕೂ ನೂಲು ಹಬ್ಬುತ್ತದೆ. ಕೇಂದ್ರದ ಉಗ್ರಾಣದವನ ಹತ್ತಿರ ಹಾಗೊಂದು ಬಾಟಲಿ ಇತ್ತು. ಅವನಿಗೆ ಮಂಡಿನೋವೂ ಇತ್ತು. ಅಕ್ಕ ಒಂದೂವರೆ ಗಂಟೆ ಎದುರಿಗೆ ಕೂತು ಎಡಮಂಡಿಯ ಕಥೆಯನ್ನು ಪೂರ್ತಿ, ಬಲಮಂಡಿಯ ಕಥೆಯನ್ನು ಅರ್ಧ ಕೇಳಿದಳು. ಕೇಳಿಸಿಕೊಳ್ಳುವವರೇ ಇಲ್ಲದ ಕಾಲದಲ್ಲಿ ಇಂಥ ಕಿವಿ ಸಿಕ್ಕಿದ್ದಕ್ಕೆ ಅವನ ಕಣ್ಣು ತುಂಬಿ, ಬಾಟಲಿ ತಾನಾಗಿಯೇ ಅಕ್ಕನ ಚೀಲಕ್ಕೆ ಬಂತು. ಜೊತೆಗೆ ಏನು ಮಾಡಬೇಕೆಂದು ಬರೆದ ಒಂದು ಚೀಟಿಯೂ ಬಂತು.

"ಒಂದರಿಂದ ಹತ್ತು ಬಾಟಲಿ ಆಗುತ್ತಂತೆ ರೀ. ಹತ್ತರಿಂದ ನೂರು!" ಎಂದು ಅಕ್ಕ ಉಬ್ಬಿ ಹೇಳಿದಳು.

"ನೂರರಿಂದ ಸಾವಿರ ಆದ್ಮೇಲೆ ನಾವೆಲ್ಲಿ ಮಲಗೋದು?" ಎಂದರು ಯಜಮಾನರು.

ಮರುದಿನದಿಂದ ಮನೆಯಲ್ಲಿ ಗೋಧಿಯ ಮಹಾಯಜ್ಞ ಶುರುವಾಯಿತು. ನೆನೆಸಿದ್ದಾಯಿತು. ಬೇಯಿಸಿದ್ದಾಯಿತು, ಕಾಳು ಮೆತ್ತಗಾಗಬೇಕು, ಆದರೆ ಒಡೆಯಬಾರದು. ಬಸಿದು, ಯಜಮಾನರು ಹೊದೆಯುವ ಹೊದಿಕೆಯ ಮೇಲೆಯೇ ಹರವಿ ನೀರು ಆರಿಸಿದ್ದಾಯಿತು. ಕಾಳು ಒಂದಕ್ಕೊಂದು ಅಂಟದಿರಲೆಂದು ಸೀಮೆಸುಣ್ಣದ ಪುಡಿ ಬೆರೆಸಿ, ಹತ್ತು ಗಾಜಿನ ಬಾಟಲಿಗೆ ತುಂಬಿ, ಬಾಯಿಗೆ ಹತ್ತಿಯ ಬಿರಡೆ ತುರುಕಿ, ದೊಡ್ಡ ಕುಕ್ಕರಿನಲ್ಲಿ ಐದೈದರಂತೆ ಎರಡೆರಡು ಗಂಟೆ ಬೇಯಲು ಇಟ್ಟಳು. ಕುಕ್ಕರು ಬೆಳಗಿನಿಂದ ಮಧ್ಯಾಹ್ನದವರೆಗೆ ಸಿಳ್ಳೆ ಹೊಡೆಯಿತು.

"ಒಂದ್ಸಲ ಬೇಯಿಸಿದ್ದನ್ನ ಮತ್ತೆ ಯಾಕೆ ಬೇಯಿಸ್ತೀಯೇ?" ಎಂದು ಅತ್ತೆ ಹಸಿದ ಹೊಟ್ಟೆಯಲ್ಲಿ ಕೇಳಿದರು.

"ಒಳಗಿರೋ ಬೂಷ್ಟಿನ ಬೀಜ ಎಲ್ಲ ಸಾಯ್ಬೇಕು ಅತ್ತೆ."

"ಅದು ಸಾಯೋದ್ರೊಳಗೆ ನಾನಿರ್ತೀನಾ?"

ಬಾಟಲಿಗಳು ತಣ್ಣಗಾದ ಮೇಲೆ ತಾಯಿ ಬೀಜ ಹಾಕುವ ಘಟ್ಟ. ಗಾಳಿ ಆಡಬಾರದು, ಫ್ಯಾನು ಕೂಡದು, ಮಾತಾಡಲೇಬಾರದು. ಒಂದು ಉಸಿರು ಒಳಗೆ ಹೊಕ್ಕರೂ ಬೂಷ್ಟು ಬರುತ್ತದೆ ಎಂದು ಚೀಟಿ ಹೇಳುತ್ತಿತ್ತು. ಅಕ್ಕ ಬಚ್ಚಲುಮನೆಯ ಕಿಟಕಿ ಮುಚ್ಚಿ, ಮೂಗು ಬಾಯಿಗೆ ಬಟ್ಟೆ ಕಟ್ಟಿ, ಸ್ಪಿರಿಟ್ ದೀಪ ಹಚ್ಚಿ, ಚಮಚವನ್ನು ಉರಿಗೆ ಹಿಡಿದು, ಶಸ್ತ್ರಚಿಕಿತ್ಸೆಯ ಡಾಕ್ಟರರಿಗಿಂತ ಗಂಭೀರವಾಗಿ ಎಂಟು ಬಾಟಲಿ ಮುಗಿಸಿದಳು. ಒಂಬತ್ತನೆಯದರ ಬಿರಡೆ ತೆಗೆದಾಗ ಬಾಗಿಲ ಆಚೆಯಿಂದ ಯಜಮಾನರ ಧ್ವನಿ:

"ನೋಡೇ, ನನ್ನ ಇನ್ನೊಂದು ಕಾಲುಚೀಲ ಎಲ್ಲಿ?"

ಅಕ್ಕ ಉತ್ತರ ಕೊಟ್ಟಳು. ಬಟ್ಟೆ ಕೆಳಗೆ ಸರಿಸಿ, ಒಂಬತ್ತನೇ ಬಾಟಲಿಯ ಮೇಲೆ ಬಗ್ಗಿ, ವಿವರವಾಗಿ ಕೊಟ್ಟಳು. ಇನ್ನೂ ಹೇಳುವುದು ಉಳಿದಿತ್ತಾದ್ದರಿಂದ ಹತ್ತನೆಯದರ ಮೇಲೂ ಕೊಟ್ಟಳು. ನಾಲ್ಕೇ ದಿನದಲ್ಲಿ ಆ ಎರಡೂ ಬಾಟಲಿ ಗಿಳಿಹಸಿರಾಗಿ, ಬೀದಿಯ ಕಸದ ಡಬ್ಬದಲ್ಲಿ ಸದ್ಗತಿ ಕಂಡವು. ಉಳಿದದ್ದು ಎಂಟು. ಬೇಕಾದದ್ದೂ ಎಂಟು. ಇನ್ನೊಂದು ಕೆಟ್ಟರೂ ಒಬ್ಬಳು ಬರಿಗೈಯಲ್ಲಿ ಹೋಗಬೇಕು.

ಆರನೇ ದಿನ ಎಂಟು ಬಾಟಲಿಯಲ್ಲೂ ಅಲ್ಲಲ್ಲಿ ಬಿಳಿ ನೂಲು ಹೊರಟಿತ್ತು, ಹತ್ತಿಯ ಎಳೆ ಅಂಟಿಸಿದ ಹಾಗೆ. ಈಗ ಒಮ್ಮೆ ಚೆನ್ನಾಗಿ ಅಲ್ಲಾಡಿಸಬೇಕು, ಆಗ ನೂಲು ಹಿಡಿದ ಕಾಳು ಎಲ್ಲ ಕಡೆ ಹರಡಿ ಬೇಗ ಹಬ್ಬುತ್ತದೆ ಎಂದಿತ್ತು ಚೀಟಿ. ಅಕ್ಕ ಅಲ್ಲಾಡಿಸಿದಳು. ಏಳನೇ ಬಾಟಲಿಗೆ ಭುಜ 'ಕಟ್' ಎಂದಿತು. ಎಂಟನೆಯದನ್ನು ಹಲ್ಲು ಕಚ್ಚಿ ಮುಗಿಸಿ, ಒಳಕೋಣೆಯ ಬಟ್ಟೆ ಕಪಾಟಿನ ಕತ್ತಲಲ್ಲಿ ಸಾಲಾಗಿಟ್ಟು, ಭುಜಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತ ಹೊರಬಂದು ಗೋಡೆಗೆ ಹೇಳಿದಳು:

"ಬೇಯಿಸೋಕೂ ನಾನೇ, ತುಂಬೋಕೂ ನಾನೇ. ಕೊನೆಗೆ ಅಲ್ಲಾಡಿಸೋಕಾದ್ರೂ ಒಂದು ಕೈ ಬೇಡ್ವಾ? ನಾನು ಸತ್ರೂ ನನ್ನ ಚಟ್ಟ ನಾನೇ ಹೊರ್ಬೇಕು ಅಂತ ಕಾಣುತ್ತೆ."

ಈ ಸಲ ಗೋಡೆಯಲ್ಲದೆ ಬೇರೆಯವರಿಗೂ ಅದು ನಾಟಿತು.

ನಾಲ್ಕು ದಿನ ಕಳೆಯಿತು. ಇಷ್ಟು ಹೊತ್ತಿಗೆ ಬಾಟಲಿ ಅರ್ಧವಾದರೂ ಬೆಳ್ಳಗಾಗಬೇಕಿತ್ತು. ಆಗಿರಲಿಲ್ಲ. ಕಾಳು ಕಾಳಾಗಿಯೇ ಇತ್ತು. ನೂಲು ಹೊರಡುತ್ತದೆ, ಮರುಹೊತ್ತಿಗೆ ಮಾಯವಾಗುತ್ತದೆ. ಅಕ್ಕ ಉಗ್ರಾಣದವನಿಗೆ ಫೋನು ಮಾಡಿ, ಬಲಮಂಡಿಯ ಉಳಿದರ್ಧ ಕಥೆ ಕೇಳಿದ ಮೇಲೆ ತನ್ನ ಕಷ್ಟ ಹೇಳಿಕೊಂಡಳು.

"ಒಂದ್ಸಲ ಅಲ್ಲಾಡಿಸಿದ ಮೇಲೆ ಮುಟ್ಟಲೇಬಾರದು ಅಮ್ಮ," ಎಂದ ಅವನು. "ನೂಲು ಕಾಳಿಂದ ಕಾಳಿಗೆ ಕಟ್ಟಿಕೊಳ್ಳೋಕೆ ಬಿಡಬೇಕು. ಅಲ್ಲಾಡಿಸಿದಾಗಲೆಲ್ಲ ಕಟ್ಟಿದ್ದು ಹರಿದು ಹೋಗುತ್ತೆ. ಪಾಪ, ಮತ್ತೆ ಮೊದಲಿಂದ ಶುರು ಮಾಡಬೇಕು ಅದು."

"ನಾನೆಲ್ಲಿ ಮುಟ್ಟಿದ್ದೀನಿ? ಒಂದೇ ಸಲ ಅಲ್ಲಾಡಿಸಿದ್ದು."

ಮನುಷ್ಯ ಪ್ರಯತ್ನ ಮುಗಿಯಿತು, ಇನ್ನು ದೇವರೇ ಗತಿ ಎಂದು ಅಕ್ಕ ಅಂದಿನಿಂದ ಬೆಳಗಿನ ಪ್ರಾರ್ಥನೆಯನ್ನು ಕಪಾಟಿನ ಮುಂದೆಯೇ ಮಾಡತೊಡಗಿದಳು. ಒಂದೊಂದೇ ಬಾಟಲಿಯನ್ನು ಎರಡು ಅಂಗೈಗಳ ನಡುವೆ ಹಿಡಿದು, ಕಣ್ಣು ಮುಚ್ಚಿ, "ದೇವರೇ, ಇದನ್ನ ಬೆಳ್ಳಗೆ ಮಾಡಪ್ಪ" ಎಂದು ಬೇಡಿಕೊಂಡು, ಮಗುವಿನ ಬೆನ್ನು ತಟ್ಟುವ ಹಾಗೆ ಬುಡಕ್ಕೆ ಎರಡು ಸಲ ತಟ್ಟಿ ಒಳಗಿಡುವಳು. ಎಂಟನ್ನೂ ಮುಗಿಸಿದ ಮೇಲೆ ದೇವರ ಗಮನ ಎಲ್ಲಾದರೂ ಬೇರೆ ಕಡೆ ಇದ್ದಿರಬಹುದೆಂದು ಮತ್ತೆ ಮೊದಲಿಂದ ಹಿಡಿದುಕೊಳ್ಳುವಳು.

ಹನ್ನೊಂದನೇ ದಿನ ಗುರುವಾರ. ದಾರದ ಉಂಡೆ ತರಲು ಮಧ್ಯಾಹ್ನ ಹೊರಟ ಅಕ್ಕ ಚೀಲ ಮರೆತು ಹಿಂದಿರುಗಿದಳು. ಒಳಕೋಣೆಯಿಂದ 'ಘಲ್ ಘಲ್' ಎಂದು ಸದ್ದು. ಹೋಗಿ ನೋಡಿದರೆ ಅತ್ತೆ, ಎರಡು ಕೈಯಲ್ಲೂ ಬಾಟಲಿ ಹಿಡಿದು, ಎಪ್ಪತ್ತೆಂಟರ ವಯಸ್ಸಿಗೆ ಒಪ್ಪದ ಉತ್ಸಾಹದಲ್ಲಿ ಅಲ್ಲಾಡಿಸುತ್ತಿದ್ದಾರೆ.

"ಅತ್ತೆ! ಏನು ಮಾಡ್ತಿದ್ದೀರಿ?"

"ಏನಿಲ್ಲವೇ. ಧೂಳು ಒರೆಸ್ತಿದ್ದೆ."

"ಧೂಳು ಒರೆಸೋಕೆ ಬಾಟಲಿ ತಲೆಕೆಳಗೆ ಮಾಡ್ಬೇಕಾ?"

"ಬುಡದಲ್ಲೂ ಧೂಳಿರುತ್ತಲ್ಲ." ಅತ್ತೆ ಬಾಟಲಿ ಕೆಳಗಿಟ್ಟು ತಾವೇ ರೇಗಿದರು. "ಹೂಂ, ಅಲ್ಲಾಡಿಸ್ತಿದ್ದೆ! ಏನೀಗ? ಭುಜ ಹಿಡ್ಕೊಂಡಿದೆ, ಒಂದು ಕೈ ಆಸರೆ ಇಲ್ಲ ಅಂತ ಗೋಳಾಡಿದೆಯಲ್ಲ. ಐದು ದಿನದಿಂದ ನಾನೇ ಅಲ್ಲಾಡಿಸಿ ಇಡ್ತಿದ್ದೀನಿ. ಹೇಳಿದ್ರೆ ನೀನು ಮತ್ತೆ ಅಲ್ಲಾಡಿಸ್ತೀಯ. ಅದಕ್ಕೇ ಹೇಳ್ಲಿಲ್ಲ."

ಅರ್ಧ ದಿನದ ರಜೆಯಲ್ಲಿದ್ದ ಮಗಳು ಬಾಗಿಲಲ್ಲಿ ನಿಂತು ಬಾಯಿ ತೆರೆದಳು. "ಅಜ್ಜೀ, ನೀವೂನಾ?"

"ಏನೇ ಅದು 'ನೀವೂನಾ'?" ಎಂದಳು ಅಕ್ಕ.

"ಅಮ್ಮಾ, ಸಂಜೆ ಅಂಗಡಿಯಿಂದ ಬಂದ ತಕ್ಷಣ ನಾನು... ನಮ್ಮಲ್ಲಿ ಎಲ್ಲಾ ಬಾಟಲಿ ಮೇಲೂ 'ಚೆನ್ನಾಗಿ ಅಲ್ಲಾಡಿಸಿ' ಅಂತಾನೇ ಬರೆದಿರುತ್ತೆ."

ಆಚೆ ಊಟದ ತಟ್ಟೆಯ ಮುಂದೆ ಕೂತಿದ್ದ ಯಜಮಾನರು ಕೆಮ್ಮಿದರು. ಅದು ಗಂಟಲಿನ ಕೆಮ್ಮಲ್ಲ, ಅಪರಾಧಿಯ ಕೆಮ್ಮು ಎಂದು ಇಪ್ಪತ್ತನಾಲ್ಕು ವರ್ಷ ಸಂಸಾರ ಮಾಡಿದ ಅಕ್ಕನಿಗೆ ಗೊತ್ತಾಗದಿರುತ್ತದೆಯೇ?

"ರೀ?"

"ಬೆಳಿಗ್ಗೆ ಡ್ಯೂಟಿಗೆ ಹೋಗೋ ಮುಂಚೆ," ಎಂದರು ಯಜಮಾನರು ತಟ್ಟೆಗೆ. "ಬಾಟಲಿಗೆ ಮೂವತ್ತು ಸಲ. ಎಣಿಸಿ. ಒಂದಕ್ಕೂ ಮೋಸ ಮಾಡಿಲ್ಲ."

ಅಕ್ಕ ಕಪಾಟಿನ ಬಾಗಿಲು ಹಿಡಿದುಕೊಂಡು ನಿಂತಳು. ಒಂದು ಕೈ ಆಸರೆ ಇಲ್ಲವೆಂದು ಗೋಡೆಗೆ ಹೇಳಿದ್ದಳಲ್ಲ, ಆರು ಕೈ ಆಸರೆಯಾಗಿದ್ದವು! ತನಗಾಗಿ ಮೂರು ಜನ ಕದ್ದು ದುಡಿದಿದ್ದಾರೆ ಎಂದು ಮನಸ್ಸು ಕರಗಿತು. ಆ ದುಡಿಮೆಯಿಂದಲೇ ಎಂಟು ಬಾಟಲಿಯ ನೂಲು ದಿನಕ್ಕೆ ಮೂರು ಬಾರಿ ಹರಿದಿದೆ ಎಂದು ಮೈ ಉರಿಯಿತು. ಅಳಬೇಕೋ ಬಯ್ಯಬೇಕೋ ತಿಳಿಯಲಿಲ್ಲ. ಬೈದು ಅಭ್ಯಾಸವಿತ್ತಾದ್ದರಿಂದ ಬೈದಳು.

"ಇನ್ನು ಹತ್ತು ದಿನ ಇದೆ. ಎಂಟು ಜನಕ್ಕೆ ಮಾತು ಕೊಟ್ಟಿದ್ದೀನಿ. ಇವತ್ತಿಂದ ಈ ಮನೇಲಿ ಯಾರೇ ಆಗ್ಲಿ, ಬಾಟಲಿ ಅಲ್ಲಾಡಿಸಿದ್ದು ಸಿಕ್ಕಿದ್ರೆ, ಭಾನುವಾರ ಆ ಎಂಟು ಜನರ ಎದುರಿಗೆ ನಿಂತು 'ಕೆಡಿಸಿದ್ದು ನಾನು' ಅಂತ ಒಪ್ಕೋಬೇಕು. ಯಾರೇ ಆಗ್ಲಿ!"

ಮೂವರೂ ತಲೆಯಾಡಿಸಿದರು. ಯಜಮಾನರು ಎರಡು ಸಲ ಆಡಿಸಿದರು.

ಮರುದಿನ ಬೆಳಿಗ್ಗೆ ಅಕ್ಕ ಕಪಾಟಿನ ಮುಂದೆ ಕೂತು ಪ್ರಾರ್ಥನೆ ಮಾಡಿದಳು. ಅದರ ಮರುದಿನ, ನಿರೀಕ್ಷೆಗೆ ತಕ್ಕ ಹಾಗೆ ನೂಲು ಬಾರದ್ದರಿಂದ, ಇನ್ನಷ್ಟು ಭಕ್ತಿಯಿಂದ ಮಾಡಿದಳು. ಆ ಹದಿಮೂರನೇ ದಿನ ಅವಳು ನಾಲ್ಕನೇ ಸುತ್ತಿನ ಎಂಟನೇ ಬಾಟಲಿಯಲ್ಲಿದ್ದಾಗ ಬೆನ್ನ ಹಿಂದೆ ಯಾರೋ ಗಂಟಲು ಸರಿಮಾಡಿಕೊಂಡರು.

ಅತ್ತೆ. ಅವರ ಹಿಂದೆ ಯಜಮಾನರು, ಯೂನಿಫಾರ್ಮಿನಲ್ಲಿ. ಅವರ ಹಿಂದೆ ಮಗಳು, ಬಾಯಲ್ಲಿ ಹಲ್ಲುಜ್ಜುವ ಬ್ರಷ್ಷು.

"ಅದೇನೇ ಅದು ಕೈಯಲ್ಲಿ?" ಎಂದರು ಅತ್ತೆ.

"ಪ್ರಾರ್ಥನೆ ಮಾಡ್ತಿದ್ದೆ ಅತ್ತೆ."

"ಪ್ರಾರ್ಥನೆಗೆ ಬಾಟಲಿ ಯಾಕೆ ಕುಣೀಬೇಕು?"

"ಕುಣಿಸ್ಲಿಲ್ಲ. ಸುಮ್ನೆ ಅಂಗೈಲಿ ಉರುಳಿಸ್ದೆ, ಅಷ್ಟೆ. ಬುಡಕ್ಕೆ ಒಂದೆರಡು ಸಲ ತಟ್ಟಿದೆ. ಅದು ಅಲ್ಲಾಡಿಸೋದಲ್ಲ."

"ಮೂವತ್ತೆರಡು," ಎಂದರು ಯಜಮಾನರು. "ಎಂಟು ಬಾಟಲಿ, ನಾಲ್ಕು ಸುತ್ತು. ತಟ್ಟಿದ್ದು ಅದರ ಎರಡರಷ್ಟು. ನಾನು ಬಾಗಿಲಲ್ಲೇ ನಿಂತಿದ್ದೆ."

"ಅಲ್ಲ ಕಣೇ," ಅತ್ತೆ ನೆಲಕ್ಕೆ ಕೈಯೂರಿ ಅವಳ ಪಕ್ಕದಲ್ಲೇ ಕೂತರು, "ನೀನು ಹೇಳಿದ್ದು ದೇವರಿಗೆ ಒಂದ್ಸಲಕ್ಕೆ ಕೇಳ್ಸಲ್ವಾ?"

ಅಕ್ಕ ಕೈಯಲ್ಲಿದ್ದ ಎಂಟನೇ ಬಾಟಲಿಯನ್ನು ನೋಡಿದಳು. ಒಳಗೆ ಅದೇ ತಾನೇ ಹೊರಟಿದ್ದ ನಾಲ್ಕು ಎಳೆ ನೂಲು ಹರಿದು, ಕಾಳು ಅತ್ತಿತ್ತ ಉರುಳುತ್ತಿತ್ತು. ತಾನೇ ಹೊರಡಿಸಿದ ಕಾನೂನಿನ ಮೊದಲ ಅಪರಾಧಿ ತಾನೇ ಆಗಿದ್ದಳು.

ಅತ್ತೆ ಎಂಟು ಬಾಟಲಿಯನ್ನೂ ಜೋಡಿಸಿ, ಕಪಾಟಿಗೆ ಬೀಗ ಹಾಕಿ, ಬೀಗದ ಕೈಯನ್ನು ದಾರಕ್ಕೆ ಪೋಣಿಸಿ ತಮ್ಮ ಕೊರಳಿಗೆ ಹಾಕಿಕೊಂಡರು. "ಬೀಜ ಕೊಡೋ ಭಾನುವಾರದ ತನಕ ಇದು ನನ್ನ ಹತ್ರ. ಯಾರು ಕೇಳಿದ್ರೂ ಕೊಡಲ್ಲ. ಕಾಲಿಗೆ ಬಿದ್ರೂ ಕೊಡಲ್ಲ."

ಆ ಎಂಟು ದಿನ ಅಕ್ಕನ ಕೈಗಳು ಅನುಭವಿಸಿದ ಕಷ್ಟ ಯಾವ ಕೈಗೂ ಬೇಡ. ನಡುನಡುವೆ ಮೆಷಿನ್ನು ನಿಲ್ಲಿಸಿ ಒಳಕೋಣೆಯತ್ತ ನೋಡುವಳು. ಏನಾದರೊಂದು ನೆವ ತೆಗೆದು ಕಪಾಟಿನ ಮುಂದೆ ಹಾಯುವಳು. ಬೀಗದ ತೂತಿನಲ್ಲಿ ಕಣ್ಣಿಟ್ಟರೆ ಕತ್ತಲು ಮಾತ್ರ ಕಾಣುವುದು. ದಿನಕ್ಕೊಮ್ಮೆ ಅತ್ತೆ ಎಲ್ಲರನ್ನೂ ಹೊರಗೆ ಕಳಿಸಿ, ಕಪಾಟು ತೆರೆದು, ನೋಡಿ, ಮುಚ್ಚಿ ವರದಿ ಕೊಡುವರು.

"ಹೇಗಿದೆ ಅತ್ತೆ?"

"ಬೆಳ್ಳಗಿದೆ."

"ಎಷ್ಟು ಬೆಳ್ಳಗೆ? ಬುಡದಲ್ಲೂ ಬೆಳ್ಳಗಾ?"

"ಎಲ್ಲಾ ಬೆಳ್ಳಗೆ."

"ನಿನ್ನೆ ತಾನೇ ಬೀಗ ಹಾಕಿದ್ದು, ಇವತ್ತಿಗೇ ಎಲ್ಲಾ ಬೆಳ್ಳಗಾ?"

"ನಂಗೇನು ಗೊತ್ತೇ? ಕಣ್ಣಲ್ಲಿ ಪೊರೆ ಬಂದಾಗಿಂದ ನಂಗೆ ನೀನೂ ಬೆಳ್ಳಗೇ ಕಾಣೋದು."

ಈ ವರದಿಯನ್ನು ನಂಬಿಕೊಂಡು ಅಕ್ಕ ಎಂಟು ದಿನ ಕಳೆಯಬೇಕಾಯಿತು. ಮಗಳಾದರೂ ನೋಡಿ ಹೇಳಲಿ ಎಂದು ಬೇಡಿದಳು. ಅತ್ತೆ ಒಪ್ಪಲಿಲ್ಲ, ಅಲ್ಲಾಡಿಸುವ ಚಟ ಹತ್ತಿದವರನ್ನು ನಂಬುವ ಹಾಗಿಲ್ಲವಂತೆ. ಶನಿವಾರ ಬೀದಿಯಲ್ಲೆಲ್ಲ ಬೇಯುವ ಹುಲ್ಲಿನ ವಾಸನೆ ಎದ್ದಿತು. ಎಂಟು ಮನೆಯ ಒಲೆ ತನ್ನ ಮಾತಿನ ಮೇಲೆ ಉರಿಯುತ್ತಿದೆ ಎಂದು ಅಕ್ಕನಿಗೆ ಊಟ ಸೇರಲಿಲ್ಲ.

ಭಾನುವಾರ ಬೆಳಿಗ್ಗೆ ಅವಳು ಪ್ರಾರ್ಥನೆಗೆ ಕೂತಳು. ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಂಡು, ಹೇಳಬೇಕಾದ್ದನ್ನು ಒಂದೇ ಸಲ ಹೇಳಿ, ಎದ್ದುಬಿಟ್ಟಳು. ಬಾಗಿಲು ಹಾಕದೆ ಮನೆ ಬಿಟ್ಟು ಹೊರಟ ಹಾಗೆ ಅನಿಸಿತು. ಆದರೂ ತಿರುಗಿ ಕೂರಲಿಲ್ಲ.

ಹತ್ತು ಗಂಟೆಗೆ ಎಂಟು ಜನರೂ ಚೀಲ ಹಿಡಿದು ಬಂದು ಒಳಕೋಣೆಯಲ್ಲಿ ಸಾಲಾಗಿ ನಿಂತರು. ಅಕ್ಕ ಕಪಾಟಿಗೆ ಬೆನ್ನು ಕೊಟ್ಟು ನಿಂತಳು.

"ಕಪಾಟು ತೆಗೆಯೋ ಮುಂಚೆ ಒಂದು ಮಾತು," ಎಂದಳು. "ಒಳಗೆ ಏನಿದೆಯೋ ನಂಗೂ ಗೊತ್ತಿಲ್ಲ. ಬೀಜ ಆಗಿಲ್ಲ ಅಂದ್ರೆ ತಪ್ಪು ಬೇರೆ ಯಾರದ್ದೂ ಅಲ್ಲ. ಮುಟ್ಟಬೇಡಿ ಅಂತ ಮನೆಯವರನ್ನೆಲ್ಲ ಬೈದೆ. ಆಮೇಲೂ ಮುಟ್ಟಿ ಕೆಡಿಸಿದ್ದು ನಾನು."

ಎಂಟು ಜನರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡು ವರ್ಷದಿಂದ ಅವರು ಬಿಚ್ಚಿ ಹೊಲಿದ ಹೊಲಿಗೆಗಳಿಗೆ ಲೆಕ್ಕವಿರಲಿಲ್ಲ. ಅಕ್ಕನ ಬಾಯಲ್ಲಿ ತಪ್ಪೊಪ್ಪಿಗೆ ಕೇಳುತ್ತಿದ್ದದ್ದು ಇದೇ ಮೊದಲು. ಗುಂಡಿ ಅಂಗಡಿಯಾಕೆ ಇನ್ನೊಂದ್ಸಲ ಹೇಳಿಸಬೇಕೆಂದು ಬಾಯಿ ತೆರೆದವಳು, ಪಕ್ಕದವಳು ಚಿವುಟಿದ್ದರಿಂದ ಮುಚ್ಚಿಕೊಂಡಳು.

ಅತ್ತೆ ಕೊರಳಿನಿಂದ ದಾರ ತೆಗೆದು ಬೀಗ ಬಿಚ್ಚಿದರು.

ಎಂಟು ಬಾಟಲಿಗಳೂ ಬುಡದಿಂದ ಕತ್ತಿನವರೆಗೆ ಅಚ್ಚ ಬಿಳುಪು. ಒಂದು ಕಾಳೂ ಕಾಣುತ್ತಿರಲಿಲ್ಲ. ಯಾರೋ ಒಳಗೆ ಕೂತು ಉಣ್ಣೆ ನೇಯ್ದು ತುಂಬಿದ ಹಾಗಿತ್ತು. ಮಗಳು ಒಂದನ್ನು ಓರೆ ಮಾಡಿದಳು. ಕಲ್ಲಿನಂತೆ ಗಟ್ಟಿಯಾಗಿ ಒಂದೇ ತುಂಡಾಗಿ ನಿಂತಿತ್ತು. ಅಕ್ಕನ ಕಣ್ಣು ತುಂಬಿ ಅದು ಮಂಜಾಗಿ ಕಂಡಿತು.

"ಯಾರೂ ಏನೂ ಮಾಡದೇ ಇದ್ದಿದ್ದಕ್ಕೆ ಇಷ್ಟು ಚೆನ್ನಾಗಿ ಬಂದಿದೆ," ಎಂದು ಯಜಮಾನರು ಸಭೆಗೆ ವಿವರಿಸಿದರು. ಹೆಂಗಸರೆಲ್ಲ ಅತ್ತೆಯನ್ನು ಸುತ್ತಿಕೊಂಡು, ಎಷ್ಟು ಡಿಗ್ರಿ ಬಿಸಿ ಇರಬೇಕು, ಎಷ್ಟು ಕತ್ತಲು ಬೇಕು ಎಂದು ಕೇಳತೊಡಗಿದರು. ಅತ್ತೆ ಗಂಭೀರವಾಗಿ, "ಬೀಗ ಗಟ್ಟಿ ಇರ್ಬೇಕು, ಅಷ್ಟೇ ಕಣ್ರೇ," ಎನ್ನುತ್ತಿದ್ದರು. ಅಕ್ಕನನ್ನು ಯಾರೂ ಏನೂ ಕೇಳಲಿಲ್ಲ.

ಗುಂಡಿ ಅಂಗಡಿಯಾಕೆ ಬಾಟಲಿಯೊಳಗೆ ಬೆರಳು ತೂರಿಸಲು ನೋಡಿದಳು. "ಅಜ್ಜೀ, ಇದು ಒಂದೇ ಗಡ್ಡೆ ಆಗಿದೆಯಲ್ಲ. ಹುಲ್ಲಿಗೆ ಉದುರಿಸೋದು ಹೇಗೆ?"

ಮಗಳು ಚೀಟಿಯ ಕೊನೆಯ ಸಾಲು ಓದಿದಳು: ಉಪಯೋಗಿಸುವ ಮುನ್ನ ಬಾಟಲಿಯನ್ನು ಜೋರಾಗಿ ಅಲ್ಲಾಡಿಸಿ ಕಾಳು ಬಿಡಿಸಿಕೊಳ್ಳಬೇಕು.

ಕೋಣೆಯಲ್ಲಿ ಎಲ್ಲರೂ ಅಕ್ಕನ ಕಡೆ ತಿರುಗಿದರು. ಅತ್ತೆಯ ಮುಖ ಮೆತ್ತಗಾಯಿತು. ಎಂಟು ದಿನ ಸೊಸೆ ಕಪಾಟಿನ ಮುಂದೆ ಸುಳಿದದ್ದನ್ನು ಪೊರೆ ಬಂದ ಕಣ್ಣೂ ಕಂಡಿತ್ತು. ಬಾಟಲಿಯೊಂದನ್ನು ಎತ್ತಿ ಅವಳ ಮುಂದೆ ಹಿಡಿದರು.

"ಬಾರೇ. ಈಗ ಅಲ್ಲಾಡಿಸಿದ್ರೆ ತಪ್ಪಿಲ್ವಂತೆ, ಅಲ್ಲಾಡಿಸ್ಲೇಬೇಕಂತೆ. ಎಂಟೂ ನಿಂಗೇ ಬಿಟ್ಟೆ. ಯಾರೂ ಏನೂ ಅನ್ನಲ್ಲ. ಹೊಟ್ಟೆ ತುಂಬ ಅಲ್ಲಾಡಿಸ್ಕೋ."

ಅಕ್ಕನ ಬೆರಳುಗಳು ಒಮ್ಮೆ ಮುಂದಕ್ಕೆ ಚಾಚಿದವು. ಅವನ್ನು ಹಿಂದಕ್ಕೆ ಕರೆದು, ಎರಡು ಕೈಯನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು ಅವಳು ಗೋಡೆಗೆ ಒರಗಿದಳು.

"ಬೇಡ ಅತ್ತೆ," ಎಂದಳು. "ಅವರವರದ್ದು ಅವರವರೇ ಅಲ್ಲಾಡಿಸ್ಕೊಳ್ಳಲಿ. ನಂಗೆ ಶುರು ಮಾಡೋಕೆ ಬರುತ್ತೆ, ನಿಲ್ಲಿಸೋಕೆ ಬರಲ್ಲ."